ಹಸಿರು ಚಹಾ: ಪೇಯವೋ, ಔಷಧವೋ?

ಕಳೆದ ಹದಿನೈದಿಪ್ಪತ್ತು ವರ್ಷಗಳಲ್ಲಿ ನಮ್ಮ ಅಡುಗೆಮನೆಗಳಿಗೆ ಹೊಸದಾಗಿ ಬಂದು ನೆಲೆಸಿದ ಪದಾರ್ಥಗಳಲ್ಲಿ ಹಸಿರು ಚಹಾದ ಪೊಟ್ಟಣವೂ ಒಂದು. ಅಂಗಡಿಯವರು ಅದನ್ನು ಗ್ರೀನ್ ಟೀ ಎಂದೇ ಕರೆಯುತ್ತಾರೆ. ಅದನ್ನು ರುಚಿಗಾಗಿ ಕೊಳ್ಳುವವರು ವಿರಳ. ತೂಕ ಇಳಿಯಲೆಂದು ಮನೆಯ ಸೊಸೆ, ಸಕ್ಕರೆ ಕಾಯಿಲೆ ಹತೋಟಿಗೆ ಬರಲೆಂದು ಮಾವ, ಕೊಬ್ಬು ಕರಗಲೆಂದು ನೆರೆಮನೆಯ ನಿವೃತ್ತ ಶಿಕ್ಷಕರು ಬೆಳಿಗ್ಗೆ ಎದ್ದು ಈ ಕಹಿ ನೀರನ್ನು ಮುಖ ಕಿವುಚಿಕೊಂಡೇ ಕುಡಿಯುತ್ತಾರೆ. ಕುಡಿಯಲಿ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕೆಲವರು ಹಸಿರು ಚಹಾ ಆರಂಭಿಸಿದ ಮೇಲೆ ರಕ್ತದೊತ್ತಡದ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗತೊಡಗುತ್ತಾರೆ. ಇನ್ನು ಕೆಲವರು ಚಹಾದಿಂದ ತೃಪ್ತರಾಗದೆ ಅದರ ಸತ್ವವನ್ನು ತುಂಬಿದ ಕ್ಯಾಪ್ಸೂಲುಗಳನ್ನು ವೈದ್ಯರನ್ನು ಕೇಳದೆಯೇ ತರಿಸಿಕೊಳ್ಳುತ್ತಾರೆ. ಇಲ್ಲಿಂದ ಮುಂದೆ ವಿಷಯ ಗಂಭೀರವಾಗುತ್ತದೆ. ಆದ್ದರಿಂದ ನಮ್ಮ ಅಭಿಪ್ರಾಯವನ್ನು ಮೊದಲಿಗೇ ತಿಳಿಸಿಬಿಡುವುದು ಲೇಸು. ಹಸಿರು ಚಹಾ ಒಂದು ಒಳ್ಳೆಯ ಪೇಯ. ಅದನ್ನು ಔಷಧದ ಪೀಠದ ಮೇಲೆ ಕೂರಿಸಲು ಈವರೆಗಿನ ಸಂಶೋಧನೆಯಲ್ಲಿ ಆಧಾರವಿಲ್ಲ.

ಮೊದಲು ಒಂದು ತಪ್ಪು ಕಲ್ಪನೆಯನ್ನು ದೂರ ಮಾಡೋಣ. ಹಸಿರು ಚಹಾದ ಗಿಡವೇ ಬೇರೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ನಾವು ದಿನವೂ ಹಾಲು ಸಕ್ಕರೆ ಬೆರೆಸಿ ಕುದಿಸುವ ಚಹಾಪುಡಿಯೂ ಹಸಿರು ಚಹಾದ ಎಲೆಯೂ ಕಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಗಿಡದಿಂದ ಬರುತ್ತವೆ. ವ್ಯತ್ಯಾಸವಿರುವುದು ಎಲೆಯನ್ನು ಸಂಸ್ಕರಿಸುವ ಬಗೆಯಲ್ಲಿ. ಕೊಯ್ದ ಎಲೆಯನ್ನು ಬಾಡಿಸಿ, ಹೊಸಕಿ, ಗಾಳಿಗೆ ಬಿಟ್ಟರೆ ಎಲೆಯೊಳಗಿನ ಕಿಣ್ವಗಳು ಆಮ್ಲಜನಕದ ಜೊತೆ ಸೇರಿ ಅದನ್ನು ಕಂದುಗಪ್ಪಾಗಿಸುತ್ತವೆ. ಕತ್ತರಿಸಿಟ್ಟ ಬದನೆಕಾಯಿ ಕಪ್ಪಾಗುವ ಹಾಗೆಯೇ ಇದು. ಕೊಯ್ದ ಕೂಡಲೇ ಎಲೆಗೆ ಹಬೆ ಕೊಟ್ಟರೆ, ಅಥವಾ ಕಾದ ಬಾಣಲೆಯಲ್ಲಿ ಹುರಿದರೆ ಆ ಕಿಣ್ವಗಳು ಸತ್ತು ಎಲೆ ಹಸಿರಾಗಿಯೇ ಉಳಿಯುತ್ತದೆ. ಜಪಾನಿನಲ್ಲಿ ಹಬೆಯ ವಿಧಾನ ಹೆಚ್ಚು, ಚೀನಾದಲ್ಲಿ ಹುರಿಯುವ ವಿಧಾನ ಹೆಚ್ಚು. ಹಸಿರು ಎಲೆಯಲ್ಲಿ ಕ್ಯಾಟಕಿನ್ ಎಂಬ ಒಗರು ಪದಾರ್ಥಗಳು ಮೂಲರೂಪದಲ್ಲಿ ಉಳಿದುಕೊಳ್ಳುತ್ತವೆ. ಕಪ್ಪು ಚಹಾದಲ್ಲಿ ಅವುಗಳ ಬಹುಭಾಗ ಬೇರೆ ಸಂಯುಕ್ತಗಳಾಗಿ ಮಾರ್ಪಡುತ್ತದೆ. ಆರೋಗ್ಯದ ಮಾತೆಲ್ಲ ಸುತ್ತುವುದು ಈ ಕ್ಯಾಟಕಿನ್‌ಗಳ ಸುತ್ತ, ಅದರಲ್ಲೂ ಇಜಿಸಿಜಿ ಎಂಬ ಹ್ರಸ್ವನಾಮದಿಂದ ಪ್ರಸಿದ್ಧವಾದ ಒಂದರ ಸುತ್ತ.

ಚಹಾವನ್ನು ಆರೋಗ್ಯಕ್ಕಾಗಿ ಕೊಂಡಾಡಿದ ಗ್ರಂಥಗಳಲ್ಲಿ ಪ್ರಸಿದ್ಧವಾದ ಒಂದನ್ನು ಬರೆದವರು ಒಬ್ಬ ಸಂನ್ಯಾಸಿ ಎಂಬುದು ಕುತೂಹಲದ ಸಂಗತಿ. ಜಪಾನಿನ ಝೆನ್ ಗುರು ಐಸಾಯ್ ಅವರು 12ನೆಯ ಶತಮಾನದ ಕೊನೆಯಲ್ಲಿ ಚೀನಾದಿಂದ ಚಹಾದ ಬೀಜಗಳನ್ನು ತಂದರೆಂದು ಹೇಳುತ್ತಾರೆ. 1211ರಲ್ಲಿ ಚಹಾ ಸೇವನೆಯಿಂದ ಆಯುರಾರೋಗ್ಯವನ್ನು ಕಾಯ್ದುಕೊಳ್ಳುವ ಕುರಿತು ‘ಕಿಸ್ಸಾ ಯೋಜೋಕಿ’ ಎಂಬ ಕೃತಿಯನ್ನು ರಚಿಸಿದರು. ಏಳು ಶತಮಾನಗಳ ಬಳಿಕ ಅದೇ ಎಲೆಯನ್ನು ಪ್ರಯೋಗಶಾಲೆಗೆ ಒಯ್ದವರಲ್ಲಿ ಮಿಚಿಯೊ ತ್ಸುಜಿಮುರಾ ಎಂಬ ಮಹಿಳೆ ಪ್ರಮುಖರು. ಅವರು 1929ರಲ್ಲಿ ಹಸಿರು ಚಹಾದಿಂದ ಕ್ಯಾಟಕಿನ್ ಅನ್ನು ಬೇರ್ಪಡಿಸಿದರು. 1932ರಲ್ಲಿ ಕೃಷಿವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಜಪಾನಿನ ಮೊದಲ ಮಹಿಳೆ ಎನಿಸಿದರು. ಇಂದಿನ ಜಾಹೀರಾತುಗಳಲ್ಲಿ ಇವರ ಹೆಸರು ಕೇಳಿಸುವುದಿಲ್ಲ.

ಆಧುನಿಕ ಸಂಶೋಧನೆಯ ಕಡೆಗೆ ಬರೋಣ. 1987ರಲ್ಲಿ ಜಪಾನಿನ ವಿಜ್ಞಾನಿಗಳು ಇಲಿಗಳ ಚರ್ಮದ ಮೇಲೆ ಇಜಿಸಿಜಿ ಲೇಪಿಸಿ, ಗಡ್ಡೆಗಳ ಬೆಳವಣಿಗೆ ಕುಗ್ಗಿದುದನ್ನು ವರದಿ ಮಾಡಿದರು. ಹಸಿರು ಚಹಾ ಕ್ಯಾನ್ಸರ್ ತಡೆಯುತ್ತದೆ ಎಂಬ ಮಾತು ಲೋಕದಲ್ಲಿ ಹರಡಲು ಇಂಥ ಪ್ರಯೋಗಗಳೇ ಕಾರಣ. ಆದರೆ ಇಲಿಯ ಬೆನ್ನಿಗೆ ಹಚ್ಚಿದ ಶುದ್ಧ ರಾಸಾಯನಿಕಕ್ಕೂ ಮನುಷ್ಯನು ಬಟ್ಟಲಿನಲ್ಲಿ ಕುಡಿಯುವ ಚಹಾಕ್ಕೂ ಬಹಳ ಅಂತರವಿದೆ. ನಾವು ಕುಡಿದ ಕ್ಯಾಟಕಿನ್‌ನಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ ಭಾಗ ಮಾತ್ರ.

ಮನುಷ್ಯರ ಮೇಲಿನ ಅಧ್ಯಯನಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಜಪಾನಿನ ಈಶಾನ್ಯ ಭಾಗದ ಮಿಯಾಗಿ ಪ್ರಾಂತದ ಒಸಾಕಿಯಲ್ಲಿ ನಡೆದದ್ದು. ಅದರ ಫಲಿತಾಂಶ 2006ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. 40ರಿಂದ 79 ವರ್ಷ ವಯಸ್ಸಿನ 40,530 ಮಂದಿಯ ಆಹಾರ, ಅಭ್ಯಾಸಗಳನ್ನು 1994ರಲ್ಲಿ ಬರೆದಿಟ್ಟುಕೊಂಡು ಹನ್ನೊಂದು ವರ್ಷಗಳವರೆಗೆ ಅವರನ್ನು ಗಮನಿಸಲಾಯಿತು. ದಿನಕ್ಕೆ ಒಂದು ಬಟ್ಟಲಿಗಿಂತ ಕಡಿಮೆ ಕುಡಿಯುವವರಿಗೆ ಹೋಲಿಸಿದರೆ ಐದು ಅಥವಾ ಹೆಚ್ಚು ಬಟ್ಟಲು ಕುಡಿಯುವವರಲ್ಲಿ ಎಲ್ಲ ಕಾರಣಗಳಿಂದಾಗುವ ಮರಣದ ಪ್ರಮಾಣ ಪುರುಷರಲ್ಲಿ 12%, ಮಹಿಳೆಯರಲ್ಲಿ 23% ಕಡಿಮೆಯಿತ್ತು. ಹೃದಯ ಮತ್ತು ರಕ್ತನಾಳದ ಕಾಯಿಲೆಗಳಿಂದಾದ ಮರಣಗಳಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ವಿಶೇಷವಾಗಿ ಪಾರ್ಶ್ವವಾಯುವಿನಿಂದಾದ ಮರಣಗಳಲ್ಲಿ ಅದು ಎದ್ದು ಕಂಡಿತು. ಕ್ಯಾನ್ಸರಿನಿಂದಾದ ಮರಣಗಳಲ್ಲಿ ಮಾತ್ರ ಯಾವ ವ್ಯತ್ಯಾಸವೂ ಕಾಣಲಿಲ್ಲ. ಅಲ್ಲಿಯ ಬಟ್ಟಲೆಂದರೆ ಸುಮಾರು 100 ಮಿಲಿಲೀಟರಿನ ಪುಟ್ಟ ಬಟ್ಟಲು ಎಂಬುದನ್ನೂ ನೆನಪಿಡಬೇಕು. ನಮ್ಮ ದೊಡ್ಡ ಲೋಟಗಳಲ್ಲಿ ಐದು ಸಲ ಕುಡಿಯಬೇಕೆಂದು ಇದರ ಅರ್ಥವಲ್ಲ.

ಈ ಅಂಕಿಗಳು ಕಡೆಗಣಿಸುವಂಥವಲ್ಲ. ಆದರೂ ಅವನ್ನು ಓದುವಾಗ ವಿವೇಕ ಬೇಕು. ಇದು ಜನರನ್ನು ಅವರಷ್ಟಕ್ಕೆ ಬಿಟ್ಟು ಗಮನಿಸಿದ ಅಧ್ಯಯನ. ಯಾರಿಗೂ ಚಹಾ ಕೊಟ್ಟು, ಯಾರಿಗೂ ಕೊಡದೆ ಪರೀಕ್ಷಿಸಿದ್ದಲ್ಲ. ದಿನಕ್ಕೆ ಐದು ಬಟ್ಟಲು ಚಹಾ ಕುಡಿಯುವವನು ಇತರ ವಿಷಯಗಳಲ್ಲೂ ಕುಡಿಯದವನಿಗಿಂತ ಭಿನ್ನನಾಗಿರಬಹುದು. ಅವನ ಊಟ ಬೇರೆ, ನಡಿಗೆ ಬೇರೆ, ನೆರೆಹೊರೆಯವರೊಡನೆ ಕುಳಿತು ಮಾತನಾಡುವ ಬಿಡುವು ಬೇರೆ. ಸಂಶೋಧಕರು ಧೂಮಪಾನ, ವಯಸ್ಸು, ತೂಕ ಮೊದಲಾದವುಗಳನ್ನು ಲೆಕ್ಕದಲ್ಲಿ ಸರಿದೂಗಿಸಿದರು. ಆದರೆ ಬದುಕಿನ ಎಲ್ಲವನ್ನೂ ಪ್ರಶ್ನಾವಳಿಯಲ್ಲಿ ಹಿಡಿಯಲಾಗದು. ಚಹಾದ ಲಾಭವು ಮಹಿಳೆಯರಲ್ಲೇ ಹೆಚ್ಚಾಗಿ ಕಂಡದ್ದೇಕೆ? ಪುರುಷರಲ್ಲಿ ಧೂಮಪಾನ ಹೆಚ್ಚಿದ್ದುದು ಒಂದು ಕಾರಣವಿರಬಹುದು. ಹಾಗಿದ್ದರೆ ಬೀಡಿ ಸಿಗರೇಟು ಬಿಡದೆ ಹಸಿರು ಚಹಾ ಕುಡಿಯುವವರು ಇದನ್ನು ಎರಡು ಸಲ ಓದಿಕೊಳ್ಳಬೇಕು.

ಕ್ಯಾನ್ಸರ್ ವಿಷಯವನ್ನು ಇಲ್ಲಿಗೇ ಮುಗಿಸಿಬಿಡಬಹುದು. ಅದೇ ಮಿಯಾಗಿ ಪ್ರಾಂತದ 26,311 ಜನರ ಮೇಲೆ ನಡೆದ ಮತ್ತೊಂದು ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಹಸಿರು ಚಹಾ ಜಠರದ ಕ್ಯಾನ್ಸರನ್ನು ತಡೆಯುವ ಸೂಚನೆ ಅದರಲ್ಲಿ ದೊರೆಯಲಿಲ್ಲ. 2020ರಲ್ಲಿ ಕಾಕ್ರೇನ್ ಸಂಸ್ಥೆಯು 142 ಅಧ್ಯಯನಗಳನ್ನು, ಎಂದರೆ ಹನ್ನೊಂದು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು, ಒಟ್ಟುಗೂಡಿಸಿ ಪರಿಶೀಲಿಸಿತು. ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ, ಹಸಿರು ಚಹಾ ಕ್ಯಾನ್ಸರನ್ನು ತಡೆಯುತ್ತದೆಂದು ಹೇಳಲು ಇವು ಸಾಲವು ಎಂಬುದೇ ಅದರ ನಿರ್ಣಯ. ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿರುವವರಿಗಂತೂ ಒಂದು ವಿಶೇಷ ಎಚ್ಚರಿಕೆ ಇದೆ. ಬಾರ್ಟೆಜೊಮಿಬ್ ಎಂಬ ಔಷಧದ ಕೆಲಸಕ್ಕೆ ಇಜಿಸಿಜಿ ಅಡ್ಡಿಪಡಿಸುತ್ತದೆಂದು 2009ರಲ್ಲಿ ಪ್ರಯೋಗಶಾಲೆಯಲ್ಲಿ ಕಂಡುಬಂದಿತು. ಚಿಕಿತ್ಸೆಯ ನಡುವೆ ಇರುವವರು ಚಹಾದ ಸತ್ವ, ಕ್ಯಾಪ್ಸೂಲು ಇವನ್ನು ಮುಟ್ಟುವ ಮೊದಲು ತಮ್ಮ ವೈದ್ಯರಿಗೆ ತಿಳಿಸಲೇಬೇಕು.

ಹೃದಯದ ಮಾತಿನಲ್ಲಿ ಹಸಿರು ಚಹಾದ ಪರ ಸ್ವಲ್ಪ ಹೇಳಬಹುದು. 2011ರಲ್ಲಿ 14 ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ಕೆಟ್ಟ ಕೊಲೆಸ್ಟ್ರಾಲ್ ಎನಿಸಿದ ಎಲ್‌ಡಿಎಲ್ ಸರಾಸರಿ 2 ಮಿಲಿಗ್ರಾಮಿನಷ್ಟು ಇಳಿದಿತ್ತು. ಮೇಲಿನ ರಕ್ತದೊತ್ತಡದಲ್ಲಿ ಆಗುವ ಇಳಿಕೆಯೂ ಹೆಚ್ಚುಕಡಿಮೆ 2 ಅಂಕ. ಇದು ನಿಜವಾದ ಪರಿಣಾಮವೇ, ಆದರೆ ಎಷ್ಟು ಚಿಕ್ಕದು! ಎಲ್‌ಡಿಎಲ್ 160 ಇರುವವರಿಗೆ ಅದು 158 ಆದರೆ ಆಗುವ ಪ್ರಯೋಜನವೇನು? ವೈದ್ಯರು ಬರೆದುಕೊಡುವ ಸ್ಟ್ಯಾಟಿನ್ ಮಾತ್ರೆ ಅದನ್ನು ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿಸಬಲ್ಲದು. ರಕ್ತದೊತ್ತಡದ ಒಂದು ಸಾಮಾನ್ಯ ಮಾತ್ರೆಯ ಪರಿಣಾಮವೂ ಚಹಾದ ಪರಿಣಾಮದ ನಾಲ್ಕು ಪಟ್ಟು. ಮಾತ್ರೆಯ ಜಾಗದಲ್ಲಿ ಚಹಾವನ್ನು ಇಟ್ಟವರು ಏನನ್ನು ಬಿಟ್ಟು ಏನನ್ನು ಪಡೆದರೆಂಬುದು ಈ ಲೆಕ್ಕದಲ್ಲೇ ಇದೆ. ಪಾರ್ಶ್ವವಾಯು ಬಡಿದಾಗ ಪೊಟ್ಟಣದ ಮೇಲಿನ ಬರಹ ನೆರವಿಗೆ ಬರುವುದಿಲ್ಲ.

ತೂಕದ ಮಾತೂ ಹಾಗೆಯೇ. 2012ರ ಕಾಕ್ರೇನ್ ಪರಿಶೀಲನೆಯಲ್ಲಿ ಹಸಿರು ಚಹಾದ ಸಿದ್ಧವಸ್ತುಗಳಿಂದ ಇಳಿದ ತೂಕ ವೈದ್ಯಕೀಯವಾಗಿ ಗಣನೆಗೆ ಬಾರದಷ್ಟು ಕಡಿಮೆ ಎಂದು ಕಂಡುಬಂದಿತು. ಹಾಗಾದರೆ ‘ನಾನು ಕುಡಿಯತೊಡಗಿದ ಮೇಲೆ ಮೂರು ಕಿಲೋ ಇಳಿದೆ’ ಎನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಅವರ ಗುಟ್ಟು ಬೇರೆ ಕಡೆ ಇದೆ. ನಮ್ಮಲ್ಲಿ ದಿನಕ್ಕೆ ಐದು ಸಲ ಚಹಾ ಕುಡಿಯುವವರು ಅಪರೂಪವಲ್ಲ. ಒಂದೊಂದು ಲೋಟಕ್ಕೆ ಎರಡು ಚಮಚೆ ಸಕ್ಕರೆ ಎಂದರೆ ಹತ್ತು ಚಮಚೆ, ಎಂದರೆ ಸುಮಾರು 50 ಗ್ರಾಂ ಸಕ್ಕರೆ, 200 ಕ್ಯಾಲೊರಿ. ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳಿತೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಲ್ಲಿ ಬರಿಯ ಚಹಾದಿಂದಲೇ ಅದರ ಎರಡರಷ್ಟು ಹೊಟ್ಟೆ ಸೇರುತ್ತದೆ. ಹಸಿರು ಚಹಾಕ್ಕೆ ಹಾಲಿಲ್ಲ, ಸಕ್ಕರೆಯಿಲ್ಲ. ಅದರ ಜೊತೆ ಬಿಸ್ಕತ್ತು, ಖಾರಿ, ಚೂಡಾ ತಿನ್ನಲು ಮನಸ್ಸೂ ಬಾರದು. ಉಪಕಾರ ಮಾಡಿದ್ದು ಒಳಗೆ ಬಂದ ಎಲೆಯಲ್ಲ, ಹೊರಗೆ ಹೋದ ಸಕ್ಕರೆ. ಸಕ್ಕರೆಯಿಲ್ಲದೆ ಜೀರಿಗೆ ಕಷಾಯ ಕುಡಿದರೂ ತೂಕದ ಲೆಕ್ಕ ಇದೇ ಆಗುತ್ತಿತ್ತು. ಪೇಟೆಯ ಹಸಿರು ಚಹಾಕ್ಕೆ ಎರಡು ಚಮಚೆ ಜೇನು ಸುರಿದುಕೊಂಡು ಕುಡಿಯುವವರಿಗೆ ಈ ಲಾಭವೂ ಇಲ್ಲ.

ಇನ್ನು ಕ್ಯಾಪ್ಸೂಲುಗಳು. ಇವುಗಳ ವಿಷಯದಲ್ಲಿ ನಮ್ಮ ಅಭಿಪ್ರಾಯ ಕಟುವಾಗಿದೆ, ಕಟುವಾಗಿಯೇ ಇರಬೇಕು. ಅಮೆರಿಕದ ಮಿನೆಸೋಟದಲ್ಲಿ ಋತುಬಂಧವಾದ ಸಾವಿರಕ್ಕೂ ಹೆಚ್ಚು ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಒಂದು ವರ್ಷ ಕಾಲ ದಿನವೂ 843 ಮಿಲಿಗ್ರಾಂ ಇಜಿಸಿಜಿ ಇರುವ ಸತ್ವವನ್ನು, ಉಳಿದವರಿಗೆ ಅದರಂತೆಯೇ ಕಾಣುವ ನಿರ್ಗುಣ ಗುಳಿಗೆಯನ್ನು ಕೊಡಲಾಯಿತು. ಸ್ತನ ಕ್ಯಾನ್ಸರಿನ ಅಪಾಯ ತಗ್ಗೀತೇ ಎಂಬುದು ಅವರ ಪ್ರಶ್ನೆಯಾಗಿತ್ತು. ಅವರು ಅಳೆದ ಸ್ತನಸಾಂದ್ರತೆಯಲ್ಲಿ ಒಟ್ಟಾರೆ ಬದಲಾವಣೆ ಕಾಣಲಿಲ್ಲ. ಆದರೆ ಸತ್ವ ಸೇವಿಸಿದವರ ಗುಂಪಿನಲ್ಲಿ 26 ಮಂದಿಯ ಯಕೃತ್ತಿನ ಪರೀಕ್ಷೆಗಳು ಗಣನೀಯವಾಗಿ ಏರುಪೇರಾದವು. ಇದು ಇನ್ನೊಂದು ಗುಂಪಿಗಿಂತ ಬಹುಪಾಲು ಹೆಚ್ಚು. ಇದಕ್ಕೂ ಮೊದಲು, 2003ರಲ್ಲಿ, ಫ್ರಾನ್ಸ್ ಮತ್ತು ಸ್ಪೇನ್ ದೇಶಗಳಲ್ಲಿ ತೂಕ ಇಳಿಸಲು ಮಾರುತ್ತಿದ್ದ ಹಸಿರು ಚಹಾ ಸತ್ವದ ಒಂದು ಸಿದ್ಧವಸ್ತುವನ್ನು ಯಕೃತ್ತಿನ ಹಾನಿಯ ವರದಿಗಳ ಕಾರಣದಿಂದ ಮಾರುಕಟ್ಟೆಯಿಂದ ಹಿಂತೆಗೆಯಲಾಗಿತ್ತು. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ಎಲ್ಲವನ್ನೂ ತೂಗಿ ನೋಡಿ, ನೀರಿನಲ್ಲಿ ಕಾಯಿಸಿ ಕುಡಿಯುವ ಚಹಾ ಸಾಮಾನ್ಯವಾಗಿ ನಿರಪಾಯಕಾರಿ, ಆದರೆ ಗುಳಿಗೆಗಳ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ ಸೇವಿಸಿದರೆ ಯಕೃತ್ತಿಗೆ ಅಪಾಯದ ಸೂಚನೆಗಳಿವೆ ಎಂದಿತು. ಚಹಾ ಕುಡಿಯುವವರಿಗೆ ದಿನಕ್ಕೆ ಸಿಗುವುದು ಸರಾಸರಿ 90ರಿಂದ 300 ಮಿಲಿಗ್ರಾಂ ಮಾತ್ರ. ಅಂಥ ಗುಳಿಗೆಗಳನ್ನು ಖಾಲಿ ಹೊಟ್ಟೆಯಲ್ಲಿ ಸೇವಿಸಬಾರದೆಂದು ಮುದ್ರಿಸುವುದು ಐರೋಪ್ಯ ಒಕ್ಕೂಟದಲ್ಲಿ ಈಗ ಕಡ್ಡಾಯ. ಹೊಟ್ಟೆ ಖಾಲಿಯಿದ್ದಾಗ ಈ ಪದಾರ್ಥ ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ಸೋಮವಾರ, ಶಿವರಾತ್ರಿಗಳಂದು ಉಪವಾಸ ಮಾಡುವ ಸದ್ಭಕ್ತರು ಈ ಮಾತನ್ನು ಗಮನಿಸಬೇಕು. ಕಣ್ಣು ಹಳದಿಯಾಗುವುದು, ಮೂತ್ರದ ಬಣ್ಣ ಗಾಢವಾಗುವುದು, ಬಲಪಕ್ಕೆಯ ಕೆಳಗೆ ನೋವು ಇವು ಕಂಡುಬಂದರೆ ಗುಳಿಗೆಯನ್ನು ಅಂದೇ ನಿಲ್ಲಿಸಿ, ಅದರ ಡಬ್ಬಿಯನ್ನೂ ತೆಗೆದುಕೊಂಡು ವೈದ್ಯರ ಬಳಿಗೆ ಹೋಗತಕ್ಕದ್ದು. ಗಿಡಮೂಲದ್ದು ಎಂದ ಮಾತ್ರಕ್ಕೆ ನಿರಪಾಯಕಾರಿ ಎಂಬ ಭಾವನೆ ನಮ್ಮಲ್ಲಿ ಬಹಳ ಆಳವಾಗಿದೆ. ಉಮ್ಮತ್ತಿಯೂ ಗಿಡವೇ.

ಮಾತ್ರೆಗಳೊಡನೆ ಹಸಿರು ಚಹಾದ ಜಗಳವೂ ಉಂಟು. ಜಪಾನಿನಲ್ಲಿ ಹತ್ತು ಮಂದಿ ಆರೋಗ್ಯವಂತರಿಗೆ ಎರಡು ವಾರ ದಿನವೂ 700 ಮಿಲಿಲೀಟರು ಹಸಿರು ಚಹಾ ಕುಡಿಸಿ ನಾಡೊಲಾಲ್ ಎಂಬ ರಕ್ತದೊತ್ತಡದ ಔಷಧ ಕೊಟ್ಟಾಗ, ರಕ್ತದಲ್ಲಿ ಆ ಔಷಧದ ಪ್ರಮಾಣ ಸುಮಾರು 85% ಕುಸಿಯಿತು. ವಾರ್ಫರಿನ್ ಎಂಬ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಸೇವಿಸುವವರು ಅತಿಯಾಗಿ ಹಸಿರು ಚಹಾ ಕುಡಿದರೆ ಅದರ ಗುಣ ಕುಗ್ಗಬಹುದು. ಹೃದಯದ ಕವಾಟ ಬದಲಿಸಿಕೊಂಡವರಿಗೆ ಇದು ಪ್ರಾಣದ ಪ್ರಶ್ನೆ. ಮಾತ್ರೆಯನ್ನು ಬರಿಯ ನೀರಿನಲ್ಲಿ ನುಂಗಬೇಕು. ಎಷ್ಟು ಚಹಾ ಕುಡಿಯುತ್ತೀರೆಂದು ವೈದ್ಯರಿಗೆ ಹೇಳಬೇಕು. ವೈದ್ಯರು ಕೇಳದಿದ್ದರೂ ಹೇಳಬೇಕು.

ಹಾಲಿನ ಚಹಾ ಕುಡಿಯುವವರು ತಾವೇನೋ ಪಾಪ ಮಾಡುತ್ತಿರುವಂತೆ ಕುಗ್ಗಬೇಕಾಗಿಲ್ಲ ಎಂಬ ಮಾತನ್ನೂ ಇಲ್ಲಿ ಸೇರಿಸಬೇಕು. ಬ್ರಿಟನ್ನಿನಲ್ಲಿ ಸುಮಾರು ಐದು ಲಕ್ಷ ಜನರನ್ನು ಹನ್ನೊಂದು ವರ್ಷ ಗಮನಿಸಿದ ಅಧ್ಯಯನ 2022ರಲ್ಲಿ ಹೊರಬಂದಿತು. ಅಲ್ಲಿ ಜನ ಕುಡಿಯುವುದು ಬಹುತೇಕ ಕಪ್ಪು ಚಹಾ. ದಿನಕ್ಕೆ ಎರಡು ಅಥವಾ ಹೆಚ್ಚು ಬಟ್ಟಲು ಕುಡಿಯುವವರಲ್ಲಿ ಮರಣದ ಅಪಾಯ 9ರಿಂದ 13% ಕಡಿಮೆಯಿತ್ತು; ಹಾಲು ಬೆರೆಸುವವರಲ್ಲೂ ಹಾಗೆಯೇ ಕಂಡಿತು. ಇದೂ ಗಮನಿಸಿದ ಅಧ್ಯಯನವೇ ಆದ್ದರಿಂದ ಒಸಾಕಿಗೆ ಹೇಳಿದ ಎಚ್ಚರಿಕೆ ಇದಕ್ಕೂ ಅನ್ವಯಿಸುತ್ತದೆ. ಆದರೆ ಹಸಿರಿಗೆ ಒಂದು ನ್ಯಾಯ, ಕಪ್ಪಿಗೆ ಇನ್ನೊಂದು ನ್ಯಾಯ ಸಲ್ಲದು. ಬಣ್ಣ ಯಾವುದೇ ಇರಲಿ, ನಾಲಿಗೆ ಸುಡುವಷ್ಟು ಬಿಸಿಯಾಗಿ ಕುಡಿಯಬಾರದು. 65 ಡಿಗ್ರಿಗಿಂತ ಬಿಸಿಯಾದ ಪೇಯಗಳು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗುವ ಸಂಭವವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ ತಿಳಿಸಿದೆ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಭಕ್ತಸಮುದಾಯಕ್ಕೆ ಅತಿ ಮುಖ್ಯವೆಂದು ನನಗೆ ತೋರುವ ಸಂಗತಿ ಇನ್ನೂ ಉಳಿದಿದೆ. ಅದು ಕಬ್ಬಿಣದ ಅಂಶದ ಮಾತು. ನಾವು ಶಾಕಾಹಾರಿಗಳು. ನಮಗೆ ಕಬ್ಬಿಣ ದೊರೆಯುವುದು ಕಾಳು, ಸೊಪ್ಪು, ರಾಗಿ, ಜೋಳ, ಸಜ್ಜೆಗಳಿಂದ. ಸಸ್ಯಮೂಲದ ಈ ಕಬ್ಬಿಣ ಮೊದಲೇ ಕರುಳಿನಲ್ಲಿ ಸುಲಭವಾಗಿ ಹೀರಲ್ಪಡುವುದಿಲ್ಲ. ಊಟದ ಜೊತೆ ಚಹಾ ಸೇರಿದರೆ ಅದರ ಒಗರು ಪದಾರ್ಥಗಳು ಕಬ್ಬಿಣವನ್ನು ಹಿಡಿದುಕೊಂಡು ದೇಹಕ್ಕೆ ದಕ್ಕದಂತೆ ಮಾಡುತ್ತವೆ. ಯಾವ ಕ್ಯಾಟಕಿನ್‌ಗಳನ್ನು ಹೊಗಳಿ ಹಸಿರು ಚಹಾ ಮಾರುತ್ತಾರೋ ಅವೇ ಇಲ್ಲಿ ಅಪರಾಧಿಗಳು. 1975ರಷ್ಟು ಹಿಂದೆಯೇ ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ ಭಾರತೀಯ ಮೂಲದ ಗೃಹಿಣಿಯರ ಮೇಲೆ ಇದನ್ನು ಪರೀಕ್ಷಿಸಲಾಯಿತು. ಅನ್ನ ಮತ್ತು ಆಲೂಗಡ್ಡೆ ಈರುಳ್ಳಿಯ ಸಾರಿನ ಊಟದೊಡನೆ ಚಹಾ ಕೊಟ್ಟಾಗ ಹೀರಲ್ಪಟ್ಟ ಕಬ್ಬಿಣ ಬಹಳ ಕಡಿಮೆಯಾಯಿತು. ಅದು ಕಪ್ಪು ಚಹಾ. ಹಸಿರು ಚಹಾದ ಸತ್ವವೂ ಕಬ್ಬಿಣಕ್ಕೆ ಅಡ್ಡಬರುತ್ತದೆಂದು ಮುಂದಿನ ಪ್ರಯೋಗಗಳು ತೋರಿಸಿದವು. ಹಾಲು ಬೆರೆಸಿದರೆ ಈ ದೋಷ ಹೋಗುತ್ತದೆಂದು ನಂಬುವಂತಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು 48% ಮಂದಿಗೆ ರಕ್ತಹೀನತೆ ಇದೆ. ಇಬ್ಬರಲ್ಲಿ ಒಬ್ಬರು ಎಂದರೆ ತಪ್ಪಾಗದು. ಸುಸ್ತು, ಏದುಸಿರು, ತಲೆಸುತ್ತು ಇವನ್ನು ಮನೆಗೆಲಸದ ದಣಿವೆಂದು ಭಾವಿಸಿ, ಆ ದಣಿವು ಕಳೆಯಲೆಂದು ಊಟವಾದ ಕೂಡಲೇ ಒಂದು ಲೋಟ ಚಹಾ ಕುಡಿದು ಏಳುವ ತಾಯಂದಿರು ಎಷ್ಟಿಲ್ಲ! ದಣಿವಿನ ಮೂಲವನ್ನೇ ಚಹಾ ಪೋಷಿಸುತ್ತಿರಬಹುದು. ಅದರ ಜಾಗದಲ್ಲಿ ಹಸಿರು ಚಹಾ ಬಂದರೂ ಸ್ಥಿತಿ ಸುಧಾರಿಸದು. ಗರ್ಭಿಣಿಯರು ಆರೋಗ್ಯ ಕೇಂದ್ರದಿಂದ ತಂದ ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಿದರೆ ಮಾತ್ರೆಯ ಬಹುಪಾಲು ವ್ಯರ್ಥ.

ಪರಿಹಾರ ಸುಲಭವಾದುದು, ಖರ್ಚಿಲ್ಲದ್ದು. ಬ್ರಿಟನ್ನಿನಲ್ಲಿ 12 ಮಹಿಳೆಯರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಊಟದ ಜೊತೆಗೇ ಚಹಾ ಕುಡಿದಾಗ ಆಗುತ್ತಿದ್ದ ನಷ್ಟ ಒಂದು ಗಂಟೆ ತಡವಾಗಿ ಕುಡಿದಾಗ ಸುಮಾರು ಅರ್ಧಕ್ಕೆ ಇಳಿಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿಯೂ ಊಟಕ್ಕೆ ಕನಿಷ್ಠ ಒಂದು ಗಂಟೆ ಮೊದಲು ಮತ್ತು ಒಂದು ಗಂಟೆ ನಂತರದವರೆಗೆ ಚಹಾ ಕಾಫಿ ಬೇಡವೆಂದಿದೆ. ಜೊತೆಗೆ ನಿಂಬೆ, ನೆಲ್ಲಿಕಾಯಿಗಳಲ್ಲಿರುವ ‘ಸಿ’ ಜೀವಸತ್ವವು ಸಸ್ಯಮೂಲದ ಕಬ್ಬಿಣ ದೇಹಕ್ಕೆ ಸೇರಲು ನೆರವಾಗುತ್ತದೆ. ಹೆಸರುಕಾಳಿನ ಕೋಸಂಬರಿಗೆ ನಿಂಬೆ ಹಿಂಡುವ ನಮ್ಮ ಹಿರಿಯರ ಪದ್ಧತಿ ಈ ದೃಷ್ಟಿಯಿಂದಲೂ ಒಳ್ಳೆಯದೇ.

ಹಸಿರು ಚಹಾ ಇಷ್ಟವಾದವರು ಬೆಳಗಿನ ಉಪಾಹಾರಕ್ಕೂ ಮಧ್ಯಾಹ್ನದ ಊಟಕ್ಕೂ ನಡುವೆ ಒಂದು ಲೋಟ, ಸಂಜೆ ಒಂದು ಲೋಟ ಕುಡಿಯಬಹುದು. ಕುದಿಯುವ ನೀರನ್ನು ಎಲೆಯ ಮೇಲೆ ಹಾಕದೆ, ಒಲೆಯಿಂದ ಇಳಿಸಿ ಐದು ನಿಮಿಷ ಆರಿದ ನೀರಿನಲ್ಲಿ ಎರಡು ಮೂರು ನಿಮಿಷ ನೆನೆಸಿ ಸೋಸಿದರೆ ಕಹಿ ಕಡಿಮೆ. ಅದರಲ್ಲಿಯೂ ಕೆಫೀನ್ ಇರುವುದರಿಂದ ನಿದ್ದೆ ಬಾರದವರು ಕತ್ತಲಾದ ಮೇಲೆ ಕುಡಿಯದಿರುವುದು ಮೇಲು. ಮನೆಗಳಲ್ಲಿ ಮಾತ್ರವಲ್ಲ, ಮದುವೆ, ಜಾತ್ರೆ, ದಾಸೋಹಗಳಲ್ಲಿಯೂ ಪಂಕ್ತಿ ಏಳುತ್ತಿದ್ದಂತೆ ಚಹಾದ ಕೆಟಲು ಹೊರಡುವುದನ್ನು ಕಾಣುತ್ತೇವೆ. ಸೇವಾಕರ್ತರಲ್ಲಿ ಒಂದು ಅರಿಕೆ ಇದೆ: ಆ ಕೆಟಲು ಒಂದು ಗಂಟೆ ತಡವಾಗಿ ಹೊರಡಲಿ, ಎಲೆಯ ತುದಿಗೆ ಉಪ್ಪಿನ ಪಕ್ಕದಲ್ಲಿ ಒಂದೊಂದು ನಿಂಬೆಯ ಹೋಳು ಬೀಳಲಿ.